ಗೆರೆ ಕೂತರೆ ಸಾಲದು: ಶೇಲ್ ಬಾವಿಗಳ ಅಂತರದ ಲೆಕ್ಕ

ಟೆಕ್ಸಾಸ್‌ನ ಮಿಡ್‌ಲ್ಯಾಂಡ್ ಬೇಸಿನ್‌ನಲ್ಲಿ ಶೇಲ್ ಬಾವಿಗಳ ನಡುವೆ ಎಷ್ಟು ಜಾಗ ಬಿಡಬೇಕು ಅನ್ನುವುದು ನನ್ನ ಕೆಲಸದ ದೊಡ್ಡ ಪಾಲು. ಶೇಲ್ ಅನ್ನುವ ಬಿಗಿ ಕಲ್ಲಿನ ಪದರದಲ್ಲಿ ಅಡ್ಡಕ್ಕೆ ಕೊರೆದು, ನೀರು-ಮರಳು ಒತ್ತಿ ಕಲ್ಲನ್ನು ಬಿರುಕು ಬಿಡಿಸಿ (ಇದೇ ಫ್ರ್ಯಾಕ್) ಎಣ್ಣೆ ತೆಗೆಯುವ ಬಾವಿಗಳಿವು; ಬಿರುಕು ಮತ್ತೆ ಮುಚ್ಚದಂತೆ ತಡೆಯುವುದು ಆ ಮರಳು. ಒಂದು ಮೈಲಿ, ಅಂದರೆ 5,280 ಅಡಿ ಅಗಲದಲ್ಲಿ 660 ಅಡಿಗೊಂದರಂತೆ ಒಂದೇ ಪದರದಲ್ಲಿ ಎಂಟು ಬಾವಿ ಹಿಡಿಸುತ್ತವೆ. 880 ಅಡಿ ಬಿಟ್ಟರೆ ಆರು. ಆ ಹೆಚ್ಚಿನ ಎರಡು ಬಾವಿಗೆ ಹಾಕಿದ ದುಡ್ಡು ಹುಟ್ಟುತ್ತದೆಯೇ?

ಹೊಸಬರು ಉತ್ಪಾದನೆಯ ಡೇಟಾಗೆ ಮಾಡೆಲ್ ಹೊಂದಿಸಿ ತಂದು ತೋರಿಸುತ್ತಾರೆ. ಡೇಟಾದ ಗೆರೆ ಮೇಲೆ ಮಾಡೆಲ್‌ನ ಗೆರೆ ಚೆನ್ನಾಗಿಯೇ ಕೂತಿರುತ್ತದೆ. ನಾನು ಕೇಳುವುದು ಒಂದೇ: ಬಿರುಕಿನ ಉದ್ದ ಎಷ್ಟು ಇಟ್ಟಿರಿ? ಯಾಕಂದ್ರೆ ಬಾವಿಯ ಶುರುವಿನ ದಿನಗಳ ಡೇಟಾದಿಂದ ಸಿಗುವುದು ಬಿರುಕಿನ ವಿಸ್ತೀರ್ಣ ಮತ್ತು ಪರ್ಮಿಯಬಿಲಿಟಿಯ (ಕಲ್ಲು ಎಣ್ಣೆಯನ್ನು ಎಷ್ಟು ಸುಲಭವಾಗಿ ಹರಿಯಬಿಡುತ್ತದೆ ಅನ್ನುವ ಅಳತೆ) ವರ್ಗಮೂಲದ ಗುಣಲಬ್ಧ ಮಾತ್ರ. ಎರಡನ್ನೂ ಬೇರೆ ಮಾಡಲಾಗದು. ಬಾವಿಯ ಒಂದೊಂದು ಬದಿಗೂ 150 ಅಡಿ ಬಿರುಕು ಇಟ್ಟು ಮ್ಯಾಚ್ ಮಾಡಿ. ಆಮೇಲೆ 300 ಅಡಿ ಇಟ್ಟು, ಪರ್ಮಿಯಬಿಲಿಟಿಯನ್ನು ಕಾಲು ಭಾಗಕ್ಕೆ ಇಳಿಸಿ. ಅದೇ ಗೆರೆ! ಆದರೆ 660 ಅಡಿ ಅಂತರದಲ್ಲಿ ಮೊದಲ ಮಾಡೆಲ್ ಪ್ರಕಾರ ನಡುವೆ 360 ಅಡಿ ಕಲ್ಲು ಹಾಗೇ ಉಳಿದಿದೆ. ಎರಡನೆಯದರಲ್ಲಿ ಅಕ್ಕಪಕ್ಕದ ಬಿರುಕುಗಳು ಹೆಚ್ಚುಕಮ್ಮಿ ಮುಟ್ಟಿಕೊಂಡಿವೆ.

ಈ ಗಂಟು ಬಿಚ್ಚಲು ಫೀಲ್ಡ್ ಅಳತೆ ಬೇಕು. ಅಲ್ಲೂ ಒಂದೊಂದು ಅಳತೆ ಒಂದೊಂದು ಉದ್ದ ಹೇಳುತ್ತದೆ. ಮೈಕ್ರೋಸೈಸ್ಮಿಕ್ ಚುಕ್ಕೆಗಳು (ಫ್ರ್ಯಾಕ್ ಮಾಡುವಾಗ ಏಳುವ ಪುಟ್ಟ ಕಂಪನಗಳ ಜಾಗಗಳು) ಕಲ್ಲು ಎಲ್ಲಿ ಜಾರಿತು ಅನ್ನುತ್ತವೆ, ಎಣ್ಣೆ ಎಲ್ಲಿಂದ ಬಂತು ಅಂತಲ್ಲ. ಪಕ್ಕದ ಬಾವಿಯ ಫೈಬರ್ ಕೇಬಲ್, ಬಿರುಕು ಬಂದು ತಾಗಿದ ಗಳಿಗೆಯನ್ನು ಹಿಡಿಯುತ್ತದೆ. ಅದು ಆಮೇಲೂ ತೆರೆದಿರುತ್ತಾ ಅನ್ನುವುದು ಬೇರೆ ಮಾತು. ಇದೇ ಬೇಸಿನ್‌ನ ರೇಗನ್ ಕೌಂಟಿಯ ಹೈಡ್ರಾಲಿಕ್ ಫ್ರ್ಯಾಕ್ಚರಿಂಗ್ ಟೆಸ್ಟ್ ಸೈಟ್‌ನಲ್ಲಿ ಫ್ರ್ಯಾಕ್ ಆದ ಕಲ್ಲಿಗೆ ಓರೆಯಾಗಿ ಕೊರೆದು ಸುಮಾರು 600 ಅಡಿ ಕೋರ್, ಅಂದರೆ ಕಲ್ಲಿನ ಕಂಬದಂಥ ಮಾದರಿ, ತೆಗೆದರು. ಬಿರುಕುಗಳು ನೂರಾರು ಸಿಕ್ಕವು. ಮರಳು ಕಂಡದ್ದು ಅಲ್ಲೊಂದು ಇಲ್ಲೊಂದು ಕಡೆ.

ಹಾಗಾಗಿ ನಾನು ಜಾಸ್ತಿ ನಂಬುವುದು ಇಂಟರ್‌ಫೆರೆನ್ಸ್ ಟೆಸ್ಟನ್ನು. ಬಾವಿಗಳನ್ನೆಲ್ಲ ಮುಚ್ಚಿ, ಒಂದೊಂದಾಗಿ ತೆರೆಯುತ್ತಾ, ಇನ್ನೂ ಮುಚ್ಚಿರುವ ಬಾವಿಯ ಗೇಜ್ ನೋಡುವುದು. ಮೇಲೇರುತ್ತಿದ್ದ ಒತ್ತಡ, ಪಕ್ಕದ್ದು ತೆರೆದ ಸ್ವಲ್ಪ ಹೊತ್ತಿಗೇ ಬಾಗಿ ಇಳಿದರೆ ನಡುವೆ ದಾರಿ ಇದೆ ಅಂತ ಅರ್ಥ. ಕೆಲವು ತಿಂಗಳ ನಂತರ ಅದೇ ಟೆಸ್ಟ್ ಮತ್ತೆ ಮಾಡಿದರೆ ಬಹಳ ಸಲ ಆ ಬಾಗು ಮಂಕಾಗಿರುತ್ತದೆ. ಮರಳು ತಲುಪದ ಬಿರುಕು, ಒತ್ತಡ ಇಳಿದ ಹಾಗೆ ಮುಚ್ಚಿಕೊಂಡಿರುತ್ತದೆ. ಉತ್ಪಾದನೆ ನಿಲ್ಲಿಸಬೇಕಲ್ಲ ಅಂತ ಆಪರೇಷನ್ಸ್‌ನವರು ಗೊಣಗುತ್ತಾರೆ, ಅದು ಸಹಜ ಬಿಡಿ.

ಎರಡೂ ಸಲದ ಗೇಜಿಗೆ ಹೊಂದದ ಮಾಡೆಲ್‌ಗಳನ್ನು ತೆಗೆದುಹಾಕುತ್ತೇವೆ. ಉಳಿದವನ್ನಷ್ಟೇ ಅಂತರದ ಲೆಕ್ಕಕ್ಕೆ ಓಡಿಸುವುದು. ಪಕ್ಕದಲ್ಲಿ ಹಳೆ ಬಾವಿ ಇದ್ದರೆ ಅದರ ಸುತ್ತ ಇಳಿದಿರುವ ಒತ್ತಡವನ್ನೂ ಸೇರಿಸಲೇಬೇಕು. ಹೊಸ ಬಾವಿಯ ಬಿರುಕು ಆ ಕಡೆಗೇ ವಾಲುತ್ತದೆ.