ಬೆಲ್ಲ ಕೊನೆಗೆ ಹಾಕಬೇಕು

28 ಏಪ್ರಿಲ್ 2024, ಭಾನುವಾರ
ಕೋಲಾರ

ಶುಕ್ರವಾರ ಓಟು ಹಾಕಲು ಬೆಂಗಳೂರಿನಿಂದ ಬಂದ ಅಕ್ಕ ಇನ್ನೂ ಇಲ್ಲೇ ಇದ್ದಾಳೆ. ಮಕ್ಕಳಿಗೆ ರಜೆ. “ಚಿಕ್ಕಮ್ಮ, ಮಹಡಿ ಮೇಲೆ ಹಾಟ್ ಡಾಗ್ ಸುಡೋಣ” ಅಂತ ದೊಡ್ಡವನು ನಿನ್ನೆಯಿಂದ ಹಿಂದೆ ಬಿದ್ದಿದ್ದ. ಚಿಕನ್ ಸಾಸೇಜ್ ಬಂತು, ಬೇಕರಿಯಿಂದ ಬನ್ ಬಂತು. ಸಾಸ್ ಬಾಟ್ಲಿ ತರಲು ಹೊರಟ ಅಕ್ಕನನ್ನು ನಾನೇ ತಡೆದೆ. ಕೋಲಾರದಲ್ಲಿದ್ದುಕೊಂಡು ಟೊಮೆಟೊ ಸಾಸ್ ಕೊಂಡು ತರುವುದಕ್ಕೆ ನನಗೆ ಮನಸ್ಸೇ ಬರಲಿಲ್ಲ.

ಮಾವ ಮಂಡಿಗೆ ಹಾಕುವುದೆಲ್ಲ ಹೈಬ್ರಿಡ್. ಸಿಪ್ಪೆ ಗಟ್ಟಿ, ದೂರದ ಊರಿಗೆ ಹೋದರೂ ಒಡೆಯುವುದಿಲ್ಲ. ಮನೆಗೆ ಅಂತ ಬದುವಿನ ಪಕ್ಕ ನಾಲ್ಕು ಸಾಲು ನಾಟಿ ಇಡುತ್ತಾರೆ. ಕಳೆದ ಜುಲೈನಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿದಾಗಲೂ ಆ ನಾಟಿ ಹಣ್ಣನ್ನು ಅವರು ಮಾರಲಿಲ್ಲ, ನಮಗೇ ಕಳಿಸಿದರು. ಇವತ್ತು ಅದರಲ್ಲೇ 2 ಕೆಜಿ ತೆಗೆದುಕೊಂಡೆ.

ಹಣ್ಣಿನ ಜೊತೆ ಎರಡು ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ, ಬಣ್ಣಕ್ಕೆ ನಾಲ್ಕು ಬ್ಯಾಡಗಿ ಮೆಣಸಿನಕಾಯಿ, ಒಂದು ತುಂಡು ಚಕ್ಕೆ, ಮೂರು ಲವಂಗ. ಬೆಂದ ಮೇಲೆ ಚಕ್ಕೆ ಲವಂಗ ತೆಗೆದು, ಆರಿಸಿ, ಮಿಕ್ಸಿಗೆ ಹಾಕಿ ಜರಡಿಯಲ್ಲಿ ಸೋಸಿದೆ. ಆಮೇಲೆ ಬತ್ತಿಸುವುದೇ ಕೆಲಸ. ನಾಟಿಯಲ್ಲಿ ರಸ ಜಾಸ್ತಿ, ಒಂದು ಗಂಟೆಗೂ ಮೇಲೆ ಹಿಡಿಯಿತು. ಮಕ್ಕಳು ಸರದಿಯ ಮೇಲೆ ಸೌಟು ಆಡಿಸಿದರು. ಕೆಚಪ್ ಅಂದರೆ ಮೊದಲು ಮೀನು ಹುದುಗಿಸಿ ಮಾಡುತ್ತಿದ್ದ ಸಾಸು, ಟೊಮೆಟೊ ಹಾಕಿ ಮಾಡುವ ವಿಧಾನವನ್ನು 1812ರಲ್ಲಿ ಅಮೆರಿಕದ ಜೇಮ್ಸ್ ಮೀಸ್ ಬರೆದಿಟ್ಟರು ಅಂತ ಹೇಳಿದೆ. ಚಿಕ್ಕವಳು “ಥೂ, ಮೀನಾ!” ಅಂದಳು.

ಹೋದ ಸಲ ಬೆಲ್ಲವನ್ನು ಮೊದಲೇ ಹಾಕಿ ತಳ ಹಿಡಿಸಿದ್ದೆ. ಪಾತ್ರೆ ಪೂರ್ತಿ ಕಹಿಯಾಗಿತ್ತು. ಅದಕ್ಕೆ ಇವತ್ತು 150 ಗ್ರಾಂ ಬೆಲ್ಲವನ್ನು ಸ್ವಲ್ಪ ನೀರಲ್ಲಿ ಕರಗಿಸಿ, ಮಣ್ಣು ಕಸ ಸೋಸಿ ಪಕ್ಕಕ್ಕಿಟ್ಟೆ. ಸಾಸು ಸೌಟಿನಿಂದ ದಪ್ಪಗೆ ಬೀಳತೊಡಗಿದ ಮೇಲೆ ಬೆಲ್ಲ, ಉಪ್ಪು, ಕಾಲು ಲೋಟ ವಿನೆಗರ್ ಹಾಕಿ ಹತ್ತು ನಿಮಿಷ ಸಣ್ಣ ಉರಿ. ತಟ್ಟೆ ಮೇಲೆ ಒಂದು ಹನಿ ಬಿಟ್ಟು ನೋಡಬೇಕು. ಸುತ್ತ ನೀರು ಬಿಟ್ಟುಕೊಳ್ಳದಿದ್ದರೆ ಆಯಿತು ಅಂತ. ಅಮ್ಮ ಬೆರಳಲ್ಲಿ ನೆಕ್ಕಿ, “ಚೂರು ಉಪ್ಪು ಬೇಕು ಕಣೇ” ಅಂದರು. ಹಾಕಿದೆ. ಸಿಹಿ ಆಮೇಲೇ ಎದ್ದು ಬಂತು.

ಸಂಜೆ ಇದ್ದಿಲ ಒಲೆ ಹಚ್ಚಿ ಮೇಲೆ ಜಾಲರಿ ಇಟ್ಟೆವು. ಅವಸರಕ್ಕೆ ದೊಡ್ಡವನು ಹಸಿ ಸಾಸೇಜಿಗೇ ಸಾಸು ಬಳಿದುಬಿಟ್ಟ. ಆ ಎರಡೂ ಕರಕಲಾದವು. ಕೆಂಡದ ಮೇಲೆ ಬೆಲ್ಲ ಸುಮ್ನೆ ಇರುತ್ತಾ? ಉಳಿದವಕ್ಕೆ ಅಲ್ಲಲ್ಲಿ ಗೀರು ಹಾಕಿ ಮೊದಲು ಒಣಗೇ ಸುಟ್ಟೆವು. ಇಳಿಸಲು ಒಂದು ನಿಮಿಷ ಇರುವಾಗ, ದೋಸೆ ಹೆಂಚಿಗೆ ಎಣ್ಣೆ ಸವರುವ ಹಾಗೆ, ಅರ್ಧ ಈರುಳ್ಳಿಯಲ್ಲಿ ಸಾಸು ಸವರಿದೆ. ಚುರ್ ಅಂತ ಗೀರುಗಳಲ್ಲಿ ಇಳಿದು, ಮೇಲೆ ಹೊಳೆಯುವ ಪದರ ಕಟ್ಟಿತು. ಆ ವಾಸನೆ ಇನ್ನೂ ನನ್ನ ಕೂದಲಲ್ಲಿದೆ.

ಅಮ್ಮ ಸಾಸೇಜ್ ಮುಟ್ಟುವುದಿಲ್ಲ. ಬಿಸಿ ರಾಗಿ ರೊಟ್ಟಿಗೆ ಸಾಸು ಹಚ್ಚಿಕೊಂಡು ಎರಡು ತಿಂದರು. ಉಳಿದದ್ದು ಎರಡು ಬಾಟ್ಲಿ ಆಯಿತು. ಒಂದನ್ನು ನಾಳೆ ಬೆಳಗ್ಗೆ ಮಾವನಿಗೆ ಕೊಟ್ಟು ಬರಬೇಕು.