ಕೋಡ್ ಸೆನ್ಸರ್ ಹೆಸರು ಹೇಳಿತು, ತಪ್ಪು ತಂತಿಯಲ್ಲಿತ್ತು

ಲಾರಿ ವರ್ಕ್‌ಶಾಪಿನಲ್ಲಿ ಎಲೆಕ್ಟ್ರಿಕಲ್ ಕೆಲಸ ನನ್ನದು. ಚೆಕ್ ಎಂಜಿನ್ ಲೈಟ್ ಹೊತ್ತಿಸಿಕೊಂಡು ಬರುವ ಗಾಡಿಗಳನ್ನು ದಿನವೂ ನೋಡುತ್ತೇನೆ. ಅವುಗಳಲ್ಲಿ ಒಂದು ಗಾಡಿ ಎರಡನೇ ಸಲ ವಾಪಸ್ ಬಂತು, ಅದು ನನ್ನ ಅವಸರದಿಂದ. ಅದೇ ಅವಸರವನ್ನು ಹೊಸ ಹುಡುಗರಲ್ಲಿ ಈಗಲೂ ಕಾಣುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಲೋಡ್ ಹಾಕಿ ಏರು ಹತ್ತುವಾಗ ಲೈಟ್ ಬರುತ್ತದೆ, ಪಿಕಪ್ ಬಿದ್ದುಹೋಗುತ್ತದೆ ಅಂತ ಡ್ರೈವರ್ ಹೇಳಿದ್ದ. ಎಂಜಿನ್ನಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದೆ. ಎಸ್‌ಪಿಎನ್ 102, ಎಫ್‌ಎಂಐ 4. ಮೊದಲನೆಯದು ಯಾವ ಅಳತೆ ಅಂತ ಹೇಳುತ್ತದೆ, ಎರಡನೆಯದು ಅದರಲ್ಲಿ ಏನು ತಪ್ಪು ಅಂತ. 102 ಅಂದರೆ ಎಂಜಿನ್ನಿಗೆ ಗಾಳಿ ಹೋಗುವ ಇನ್‌ಟೇಕ್ ಮ್ಯಾನಿಫೋಲ್ಡಿನ ಒತ್ತಡ, ನಾವು ಬೂಸ್ಟ್ ಅನ್ನುವುದು. 4 ಅಂದರೆ ಸಿಗ್ನಲ್ ವೋಲ್ಟೇಜ್ ಇರಬೇಕಾದ್ದಕ್ಕಿಂತ ಕಡಿಮೆ. ಬೂಸ್ಟ್ ಸೆನ್ಸರ್ ಬದಲಾಯಿಸಿದೆ, ಕೋಡ್‌ಗಳನ್ನೆಲ್ಲ ಅಳಿಸಿದೆ, ಖಾಲಿ ಗಾಡಿಯನ್ನು ಒಂದು ಸುತ್ತು ಓಡಿಸಿ ಕಳಿಸಿಬಿಟ್ಟೆ.

ಮೂರನೇ ದಿನ ಅದೇ ಗಾಡಿ ಮತ್ತೆ ಬಂದು ನಿಂತಿತು. “ಅಣ್ಣಾ, ಖಾಲಿ ಇದ್ರೆ ಏನೂ ಇಲ್ಲ. ಲೋಡಲ್ಲಿ ಏರು ಸಿಕ್ತೋ, ಹೊತ್ತ್ಕೊಂಡೇ ಬಿಡ್ತದೆ” ಅಂದ ಡ್ರೈವರ್. ಮೊದಲ ದಿನವೂ ಅವನು ಹೇಳಿದ್ದು ಇದನ್ನೇ. ಸ್ಕ್ಯಾನರ್ ನೋಡುವ ಭರದಲ್ಲಿ ನಾನು ಆ ಮಾತನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಈ ಸಲ ಏನನ್ನೂ ಅಳಿಸದೆ ಹಳೆಯ ಕೋಡ್‌ಗಳ ಪಟ್ಟಿಯನ್ನೂ ತೆರೆದೆ. 102ರ ಜೊತೆಗೆ ಎಸ್‌ಪಿಎನ್ 100 ಇತ್ತು, ಅದು ಎಂಜಿನ್ ಆಯಿಲ್ ಪ್ರೆಶರ್. ಅದಕ್ಕೂ ಎಫ್‌ಎಂಐ 4. ಮೊದಲ ಸಲವೂ ಅದು ಕಂಡಿತ್ತು, ಎಂದೋ ಬಂದುಹೋದದ್ದು ಅಂದುಕೊಂಡು ಅಳಿಸಿದ್ದೆ. ಎರಡು ಸೆನ್ಸರ್‌ಗಳು ಒಟ್ಟಿಗೇ ಕೆಡುವುದು ಅಪರೂಪ. ಎರಡಕ್ಕೂ ಹಂಚಿಕೆಯಾಗಿರುವುದು ಏನು ಅಂತ ವೈರಿಂಗ್ ಡಯಾಗ್ರಾಮ್ ತೆಗೆದು ನೋಡಿದೆ. ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುವಿನಿಂದ ಹೊರಡುವ ಒಂದೇ 5 ವೋಲ್ಟ್ ಲೈನು ಎರಡು ಕಡೆಗೂ ಕವಲೊಡೆಯುತ್ತಿತ್ತು.

ಇಂಥ ಪ್ರೆಶರ್ ಸೆನ್ಸರಿಗೆ ಮೂರು ತಂತಿ ಬೇಕು: 5 ವೋಲ್ಟ್ ಸಪ್ಲೈ, ಅರ್ಥ್, ಸಿಗ್ನಲ್. ಸಪ್ಲೈಯೇ ಕುಸಿದರೆ ಎಷ್ಟೇ ಒಳ್ಳೆಯ ಸೆನ್ಸರ್ ಆದರೂ ಸಿಗ್ನಲ್ ಕುಸಿಯುತ್ತದೆ. ಸಿಗ್ನಲ್ ಯಾಕೆ ಬಿತ್ತು ಅಂತ ಆ ಕೋಡಿನಿಂದ ತಿಳಿಯುವುದಿಲ್ಲ. ಬೂಸ್ಟ್ ಲೆಕ್ಕ ಸಿಗದೆ ಇಸಿಯು ಡೀಸೆಲ್ ಕಡಿಮೆ ಮಾಡುತ್ತದೆ, ಡ್ರೈವರ್ ಅದನ್ನು ಪಿಕಪ್ ಇಲ್ಲ ಅನ್ನುತ್ತಾನೆ. ಕೋಡ್ ಹೇಳುವುದು ಇಡೀ ಸರ್ಕಿಟ್ಟಿನ ವಿಷಯ, ಸೆನ್ಸರ್ ಅದರ ಒಂದು ತುದಿ ಮಾತ್ರ. ಇದು ನನಗೆ ಗೊತ್ತಿದ್ದ ವಿಷಯವೇ. ಆದರೂ ಆ ದಿನ ಕೈ ನೇರವಾಗಿ ಸೆನ್ಸರಿಗೆ ಹೋಯಿತು.

ಇಗ್ನಿಷನ್ ಆನ್, ಎಂಜಿನ್ ಆಫ್. ಬೂಸ್ಟ್ ಸೆನ್ಸರಿನ ಕಪ್ಲರ್, ಅಂದರೆ ತಂತಿಗಳು ಬಂದು ಸೇರುವ ಪ್ಲಗ್, ಕಳಚಿ ಮಲ್ಟಿಮೀಟರ್ ಇಟ್ಟರೆ ಸರಿಯಾಗಿ 5 ವೋಲ್ಟ್. ಇಲ್ಲಿಗೆ ನಿಲ್ಲಿಸಿದ್ದರೆ ತಂತಿ ಸರಿಯಿದೆ ಅಂತಲೇ ತೀರ್ಮಾನಿಸುತ್ತಿದ್ದೆ. ಆದರೆ ಡ್ರೈವರ್ ಹೇಳಿದ ಏರು ತಲೆಯಲ್ಲಿತ್ತು. ಲೋಡಿನಲ್ಲಿ ಏರುವಾಗ ಎಂಜಿನ್ ತನ್ನ ಮೌಂಟಿಂಗ್ ಮೇಲೆ ಒಂದು ಕಡೆಗೆ ವಾಲುತ್ತದೆ, ತಂತಿಗಳ ಕಟ್ಟು, ಅಂದರೆ ಹಾರ್ನೆಸ್ಸೂ ಅದರ ಜೊತೆ ಎಳೆಯುತ್ತದೆ. ನಿಂತ ಗಾಡಿಯಲ್ಲಿ ಆ ಎಳೆತವೇ ಇಲ್ಲ.

ಆಯಿಲ್ ಪ್ರೆಶರ್ ಸೆನ್ಸರಿನ ಕಪ್ಲರನ್ನೂ ಕಳಚಿದೆ. ಆ ಲೈನಿನಲ್ಲಿ ಈಗ ಯಾವ ಸೆನ್ಸರೂ ಇಲ್ಲ. ಇನ್ನು ವೋಲ್ಟೇಜ್ ಬಿದ್ದರೆ ಅನುಮಾನ ತಂತಿಯ ಮೇಲೆ. ಮೀಟರನ್ನು ಕನಿಷ್ಠ ಅಳತೆ ಹಿಡಿದಿಡುವ ಮೋಡಿನಲ್ಲಿಟ್ಟು, ಹಾರ್ನೆಸ್ಸನ್ನು ಕಪ್ಲರಿನಿಂದ ಹಿಂದಕ್ಕೆ ಒಂದೊಂದು ಗೇಣು ಹಿಡಿದು ಅಲುಗಾಡಿಸುತ್ತ ಹೋದೆ. ಅರ್ಧ ದಾರಿಯವರೆಗೆ ಏನೂ ಇಲ್ಲ. ಒಂದು ಬ್ರಾಕೆಟ್ ಪಕ್ಕ ಒತ್ತಿದಾಗ ಮೀಟರ್ ಹೆಚ್ಚುಕಡಿಮೆ ಸೊನ್ನೆಗೆ ಇಳಿಯಿತು. ಮೇಲಿನ ಕೊಳವೆ ಸೀಳಿ ನೋಡಿದರೆ 5 ವೋಲ್ಟ್ ತಂತಿಯ ಸಿಪ್ಪೆ ಬ್ರಾಕೆಟ್ಟಿನ ಅಂಚಿಗೆ ಉಜ್ಜಿ ಉಜ್ಜಿ ಸವೆದು ತಾಮ್ರ ಹೊಳೆಯುತ್ತಿತ್ತು. ಹಾರ್ನೆಸ್ಸನ್ನು ಹಿಡಿದಿಡಬೇಕಾದ ಕ್ಲಿಪ್ಪೇ ಇರಲಿಲ್ಲ. ಯಾವುದೋ ಕೆಲಸಕ್ಕೆ ಬಿಚ್ಚಿದವರು ಮತ್ತೆ ಹಾಕಿರಲಿಲ್ಲ. ಒಂದು ಸಣ್ಣ ಕ್ಲಿಪ್ಪಿಗೆ ಇಷ್ಟೆಲ್ಲ ಓಡಾಟ ಅಂತ ನಿಜಕ್ಕೂ ಸಂಕಟವಾಯಿತು.

ಹುಡುಗರಿಗೆ ಇಲ್ಲಿ ಒಂದು ಮಾತು. ಮೀಟರ್ ಸೂಜಿಯನ್ನು ತಂತಿಯ ಸಿಪ್ಪೆಯೊಳಗೆ ಚುಚ್ಚಬೇಡಿ. ಆ ತೂತಿನಲ್ಲಿ ನೀರು ಇಳಿದು ತಾಮ್ರ ಹಸಿರುಗಟ್ಟುತ್ತದೆ, ಮುಂದೆ ಅದೇ ಇನ್ನೊಂದು ಕಂಪ್ಲೇಂಟ್ ಆಗುತ್ತದೆ. ಕಪ್ಲರಿನ ಹಿಂಬದಿಯಿಂದ ತೆಳುವಾದ ಪ್ರೋಬ್ ತೂರಿಸಿ ಅಳೆಯಿರಿ.

ಕೋಡಿನ ಎರಡನೇ ಸಂಖ್ಯೆಯನ್ನು, ಅಂದರೆ ಎಫ್‌ಎಂಐಯನ್ನು ಓದದೆ ಸೆನ್ಸರ್ ಬಿಚ್ಚುವುದು ಇದಕ್ಕಿಂತ ಅಪಾಯ. ಎಸ್‌ಪಿಎನ್ 110, ಎಫ್‌ಎಂಐ 0 ಬಂದಿದೆ ಅಂದುಕೊಳ್ಳಿ. 110 ಕೂಲೆಂಟ್ ಬಿಸಿ. 0 ಅಂದರೆ ಅಳತೆ ನಂಬುವಂಥದ್ದೇ, ಬಿಸಿ ಮಾತ್ರ ಮಿತಿ ಮೀರಿದೆ. ಅಲ್ಲಿ ಸೆನ್ಸರ್ ನಿಜವನ್ನೇ ಹೇಳುತ್ತಿರಬಹುದು. ಮೊದಲು ಕೂಲೆಂಟ್ ಮಟ್ಟ, ಫ್ಯಾನ್, ಥರ್ಮೋಸ್ಟಾಟ್ ನೋಡಬೇಕು. 3 ಅಥವಾ 4 ಬಂದರೆ ವೋಲ್ಟೇಜಿನ ತಕರಾರು, ಆಗ ಮೀಟರ್ ಹಿಡಿಯಬೇಕು.

ಸವೆದ ಜಾಗವನ್ನು ಕತ್ತರಿಸಿ ಬೆಸುಗೆ ಹಾಕಿ, ಬಿಸಿಗೆ ಕುಗ್ಗಿ ತಂತಿಯನ್ನು ಬಿಗಿಯಾಗಿ ಮುಚ್ಚುವ ಹೀಟ್ ಶ್ರಿಂಕ್ ಕೊಳವೆ ಏರಿಸಿ, ಹೊಸ ಕ್ಲಿಪ್ ಕೂರಿಸಿದೆ. ಬರೀ ಟೇಪ್ ಸುತ್ತಿದ್ದರೆ ಎಂಜಿನ್ ಬಿಸಿಗೆ ಅಂಟು ಬಿಡುತ್ತಿತ್ತು. ಆಮೇಲೆ ತೆಗೆದಿಟ್ಟಿದ್ದ ಹಳೆಯ ಬೂಸ್ಟ್ ಸೆನ್ಸರನ್ನೇ ಮತ್ತೆ ಹಾಕಿದೆ. ಈ ಸಲ ಲೋಡ್ ಗಾಡಿಯಲ್ಲೇ, ಡ್ರೈವರ್ ಪಕ್ಕ ಕೂತು, ಸ್ಕ್ಯಾನರ್ ತೊಡೆಯ ಮೇಲಿಟ್ಟುಕೊಂಡು ಅವನು ಹೇಳಿದ ಏರನ್ನೇ ಹತ್ತಿಸಿದೆ. ಬೂಸ್ಟ್ ಸರಾಗವಾಗಿ ಏರಿತು, ಲೈಟ್ ಬರಲಿಲ್ಲ. ಹಳೆಯ ಸೆನ್ಸರಿಗೆ ಏನೂ ಆಗಿರಲಿಲ್ಲ. ಮಾಲೀಕರಿಗೆ ಅದನ್ನು ಇದ್ದ ಹಾಗೆ ಹೇಳಿ, ಹೊಸ ಸೆನ್ಸರಿನ ದುಡ್ಡನ್ನು ಬಿಲ್ಲಿನಿಂದ ತೆಗೆಸಿದೆ.