ಮೊರೇನ್ ಲೇಕ್ ರಸ್ತೆಯಲ್ಲಿ ಸೈಕಲ್

ಇವತ್ತು ಕೆನಡಾದ ಮೊರೇನ್ ಲೇಕ್‌ಗೆ ಶಟಲ್ ಬಸ್ಸಲ್ಲಿ ಹೋಗಿದ್ದೆವು. ಏರಿನಲ್ಲಿ ಮುಂದೆ ಇಬ್ಬರು ಸೈಕಲ್ಲಿನವರು. ಒಬ್ಬರ ಹಿಂದೆ ಮಗುವಿನ ಪುಟ್ಟ ಗಾಡಿ, ಅದಕ್ಕೆ ಕಿತ್ತಳೆ ಬಣ್ಣದ ಬಾವುಟ. ಬಸ್ಸು ಸುಮ್ನೆ ನಿಧಾನ ಮಾಡಿತು. ಹಾರ್ನ್ ಇಲ್ಲ.

ಕಾರುಗಳ ಸಾಲಿದ್ದಾಗ ಇಲ್ಲಿ ಮಗುವನ್ನು ಕೂರಿಸಿಕೊಂಡು ಯಾರು ತುಳಿಯುತ್ತಿದ್ದರು, ಹೇಳಿ?

ಪಾರ್ಕಿಂಗ್ ಹಗಲೂ ರಾತ್ರಿ ತುಂಬಿರುತ್ತಿತ್ತು. ಬಂದವರಲ್ಲಿ ಜಾಸ್ತಿ ಜನ ವಾಪಸ್ ಹೋಗಬೇಕಿತ್ತು. 2023ರಿಂದ ಖಾಸಗಿ ಕಾರಿಗೆ ಪ್ರವೇಶವಿಲ್ಲ. ಅಂಗವಿಕಲರ ಪರವಾನಗಿ ಇರುವ ಕಾರುಗಳನ್ನು ಮಾತ್ರ ಬಿಡುತ್ತಾರೆ. ಸರಿಯಾದ ಕೆಲಸ ಅಲ್ವಾ?

ಶಟಲ್ ಬಸ್ಸಲ್ಲಿ ಸೀಟು ಸಿಗುವುದು ಕಷ್ಟ, ನಿಜ. ಆದರೆ ಎಲ್ಲವನ್ನೂ ತಿಂಗಳುಗಳ ಮುಂಚೆಯೇ ಮಾರಿಬಿಡುವುದಿಲ್ಲ. ಒಂದಷ್ಟು ಸೀಟನ್ನು ಎರಡು ದಿನ ಮುಂಚೆ, ಬೆಳಿಗ್ಗೆ 8ಕ್ಕೆ ಬಿಡುತ್ತಾರೆ. ಬರುವವರು ಅದನ್ನು ನೋಡಿಕೊಳ್ಳಿ.